ಏಳಲು ಮನಸ್ಸು ಬಾರದ ಕಿಟಕಿ

ಹಣೆಬರಹ ಬರೆಯುವವನು ದೇವರು, ತಲೆಬರಹ ಬರೆಯುವವಳು ಅಕ್ಕ ಎಂದು ಆ ಸಂಜೆಪತ್ರಿಕೆಯ ಕಚೇರಿಯಲ್ಲಿ ಒಂದು ತಮಾಷೆಯಿತ್ತು. ಬೇರೆಯವರು ಹಾಳೆಗಟ್ಟಲೆ ಬರೆದು ತಂದ ಸುದ್ದಿಯ ಮೇಲೆ ಅವಳು ಒಮ್ಮೆ ಕಣ್ಣಾಡಿಸುತ್ತಿದ್ದಳು. ಪೆನ್ಸಿಲ್ಲಿನ ತುದಿ ಕಚ್ಚಿ, ಕಿಟಕಿಯಾಚೆ ನೋಡಿ, ನಾಲ್ಕು ಪದ ಗೀಚಿ ಕೊಟ್ಟರೆ ಮುಗಿಯಿತು. ಸಂಜೆ ಕೆಲಸ ಬಿಟ್ಟು ಬಸ್ಸು ಹತ್ತಿದ ಜನರ ಬಾಯಲ್ಲಿ ಆ ನಾಲ್ಕು ಪದಗಳೇ ಓಡಾಡುತ್ತಿದ್ದವು. ಸಂಪಾದಕರಿಂದ ಹಿಡಿದು ಕಾಗದದ ಲಾರಿ ಓಡಿಸುವವನವರೆಗೆ ಎಲ್ಲರಿಗೂ ಅವಳು ತಲೆಬರಹದಕ್ಕ.

ಪತ್ರಿಕೆ ಮುಚ್ಚಿದ ಮೇಲೆ ಆ ಹೆಸರು ಉಳಿಯಿತು, ಕೆಲಸ ಉಳಿಯಲಿಲ್ಲ. ಅದೇ ಹೊತ್ತಿಗೆ ಅಮ್ಮನಿಗೂ ಕೈಲಾಗದಾಯಿತು. ಮದುವೆಯ ಗೋಜಿಗೆ ಹೋಗದೆ ಅಮ್ಮನೊಂದಿಗೇ ಇದ್ದವಳು ಅವಳು. ಮೂರನೇ ಮಹಡಿಯ ಎರಡು ಕೋಣೆ, ಒಂದು ಅಡುಗೆಮನೆ, ರೈಲುಗಳು ಹಳಿ ಬದಲಿಸುವ ವಿಶಾಲ ಬಯಲಿನ ಕಡೆಗೆ ತೆರೆದುಕೊಳ್ಳುವ ಒಂದು ದೊಡ್ಡ ಕಿಟಕಿ. ಅದರ ಪಕ್ಕದಲ್ಲಿ ಅಮ್ಮನ ಬೆತ್ತದ ಕುರ್ಚಿ. ಇಂಜಿನ್ನುಗಳು ಹಿಂದೆ ಮುಂದೆ ಆಡುವುದನ್ನು ನೋಡುತ್ತ ಅಮ್ಮ ಬೆಳಗಿನಿಂದ ಸಂಜೆಯವರೆಗೂ ಅಲ್ಲೇ ಇರುತ್ತಿದ್ದರು. ಊಟಕ್ಕೆ ಕರೆದರೆ, "ಇರೇ, ಈ ಕಿಟಕೀಲಿ ಕೂತ್ರೆ ಏಳೋಕೆ ಮನಸ್ಸೇ ಬರಲ್ಲ" ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ಕೂತವರು ಏಳಲೇ ಇಲ್ಲ.

ಮನೆ ಅಕ್ಕತಂಗಿಯರಿಬ್ಬರಿಗೂ ಬಂತು. ತಂಗಿಗೆ ಮದುವೆಯಾಗಿ ಪೇಟೆಯ ಇನ್ನೊಂದು ತುದಿಯಲ್ಲಿ ಸ್ವಂತ ಮನೆಯಿತ್ತು. ಅವಳನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದರು, ತಲೆಗೂದಲು ನೆರೆತ ಮೇಲೂ. "ನೀನೇ ಇರು ಅಕ್ಕಾ, ನನಗ್ಯಾಕೆ ಅದು" ಎಂದಳು ಪುಟ್ಟಿ. ಒಂದು ಬೀಗದಕೈ ಮಾತ್ರ ತನ್ನ ಹತ್ತಿರ ಇಟ್ಟುಕೊಂಡಳು.

ಪುಟ್ಟಿ ಚುರುಕು. ನಾಲ್ಕು ದಿನದ ಮಟ್ಟಿಗೆ ಊರು ನೋಡಲು ಬರುವವರಿಗೆ ಬೇರೆಯವರ ಮನೆಗಳನ್ನು ಬಾಡಿಗೆಗೆ ಕೊಡಿಸುವ ವ್ಯವಹಾರ ಶುರು ಮಾಡಿದ್ದಳು. ಮಾಲೀಕರು ಬೀಗದಕೈ ಕೊಡುತ್ತಿದ್ದರು. ಗುಡಿಸಿ ಒರೆಸುವುದು, ಹಾಸಿಗೆ ಬದಲಿಸುವುದು, ಫೋನಿನ ಆ್ಯಪಿನಲ್ಲಿ ಮನೆಯ ಫೋಟೊ ಹಾಕುವುದು ಇವಳ ಪಾಲಿನ ಕೆಲಸ. ಆದರೆ ಮನೆಗಳು ಬಾಡಿಗೆಗೆ ಹೋಗುತ್ತಿರಲಿಲ್ಲ. ಒಂದು ದಿನ ಅಕ್ಕನ ಮುಂದೆ ಫೋನ್ ಹಿಡಿದು, "ನೋಡು, ಏನು ಕಮ್ಮಿಯಾಗಿದೆ ಇದಕ್ಕೆ?" ಎಂದು ಕೇಳಿದಳು.

ಅಕ್ಕ ಓದಿದಳು. "ಸ್ವರ್ಗಸಮಾನ ಐಷಾರಾಮಿ ಸುಂದರ ಮನೆ."

"ಸ್ವರ್ಗ ಅಂದ್ರೆ ಬರೋರು ಸತ್ತೇ ಬರ್ಬೇಕಲ್ವೇನೇ?" ಎಂದಳು.

ಪುಟ್ಟಿ ಬಿದ್ದು ಬಿದ್ದು ನಕ್ಕಳು. ಅಕ್ಕನಿಗೆ ಹೊಸ ಕೆಲಸ ಹುಟ್ಟಿದ್ದು ಹಾಗೆ.

ಅವಳದು ಒಂದೇ ಹಟ. ಮನೆ ನೋಡದೆ ಬರೆಯುವುದಿಲ್ಲ. ಹೋಗಬೇಕು, ಅಲ್ಲಿ ಮಲಗಬೇಕು, ಬೆಳಿಗ್ಗೆ ಎದ್ದಾಗ ಮೊದಲು ಏನು ಕೇಳಿಸುತ್ತದೆ, ಬಾಗಿಲು ತೆರೆದರೆ ಯಾವ ವಾಸನೆ ಬರುತ್ತದೆ ತಿಳಿಯಬೇಕು. ಸುಂದರ, ಅದ್ಭುತ ಎಂಬ ಪದಗಳನ್ನು ಅವಳು ಹತ್ತಿರ ಸೇರಿಸುತ್ತಿರಲಿಲ್ಲ. "ಎಲ್ಲ ತಾಯಂದಿರೂ ತಮ್ಮ ಮಗು ಸುಂದರ ಅಂತಾರೆ, ಅದರಿಂದ ಮಗು ಗುರುತು ಹತ್ತುತ್ತಾ?" ಎನ್ನುವಳು. ಆ ಮನೆಗೆ ಮಾತ್ರ ಇರುವ ಒಂದು ಗುಣ ಬೇಕು, ಅದೂ ಮೊದಲ ಎರಡು ಮೂರು ಪದಗಳಲ್ಲೇ ಬರಬೇಕು. ಫೋನಿನ ಪರದೆ ಚಿಕ್ಕದು, ಉಳಿದದ್ದು ಚುಕ್ಕಿಗಳಾಗಿ ಕತ್ತರಿಸಿಹೋಗುತ್ತದೆ. ಕುಂದನ್ನು ಮುಚ್ಚಲೂ ಬಾರದು. ಬೆಟ್ಟದ ಮೇಲಿನ ಒಂದು ಮನೆಗೆ ಏರುವಷ್ಟರಲ್ಲಿ ಉಸಿರು ಬಾಯಿಗೆ ಬರುತ್ತಿತ್ತು. ಮಾಲೀಕ ಆ ವಿಷಯ ಎತ್ತಲೇಬೇಡಿ ಎಂದು ಕೈಮುಗಿದಿದ್ದ. ಅವಳು ಬರೆದಳು: "ಮೆಟ್ಟಿಲು ಹೆಚ್ಚು, ಗಾಳಿ ಅದಕ್ಕಿಂತ ಹೆಚ್ಚು." ಆ ಮನೆ ಮತ್ತೆ ಖಾಲಿ ಬೀಳಲಿಲ್ಲ. ಬೇಕರಿಯ ಮೇಲಿನ ಕತ್ತಲೆ ಕೋಣೆಗೆ "ಬ್ರೆಡ್ಡಿನ ಘಮ ಎಬ್ಬಿಸುವ ಕೋಣೆ" ಎಂದು ಬರೆದಳು; ಬಂದವರು ಕತ್ತಲೆಯ ಬಗ್ಗೆ ಚಕಾರ ಎತ್ತಲಿಲ್ಲ.

ಬರೆದು ಕೊಟ್ಟದ್ದನ್ನು ಅವಳು ಆ್ಯಪ್ ತೆರೆದು ನೋಡುತ್ತಿರಲಿಲ್ಲ. ಪತ್ರಿಕೆಯ ಕಾಲದ ಅಭ್ಯಾಸ ಅದು. ಅಚ್ಚಾದದ್ದನ್ನು ಮತ್ತೆ ಓದಿದರೆ ಒಂದು ಪದ ಬದಲಿಸಬೇಕಿತ್ತು ಅನ್ನಿಸಿ ನಿದ್ದೆ ಕೆಡುತ್ತದೆ.

ಬರಬರುತ್ತ ಪುಟ್ಟಿ ಅವಳನ್ನು ದೂರದೂರದ ಮನೆಗಳಿಗೆ ಕಳಿಸತೊಡಗಿದಳು. ಸಮುದ್ರದ ದಂಡೆಯ ಮನೆ, ಕೆರೆಯಾಚೆಯ ಮರದ ಮನೆ, ಹಳೆಯ ದೀಪಸ್ತಂಭದ ಕಾವಲುಗಾರನ ಮನೆ. "ಅವಸರ ಮಾಡ್ಬೇಡ ಅಕ್ಕಾ, ವಾರ ಇದ್ದು ಬಾ. ಜೀವಮಾನವೆಲ್ಲ ಅಮ್ಮನ್ನ ನೋಡ್ಕೊಂಡೆ, ಈಗ ನೀನು ಊರು ನೋಡು" ಎನ್ನುತ್ತಿದ್ದಳು. ಬಸ್ಸಿನ ಟಿಕೆಟ್ಟು ಅವಳೇ ತೆಗೆಸುತ್ತಿದ್ದಳು, ದಾರಿಗೆ ಹಣ್ಣು ಕಟ್ಟಿಕೊಡುತ್ತಿದ್ದಳು. ಅಕ್ಕ ವಾಪಸು ಬರುವಾಗ ಮನೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬಚ್ಚಲಲ್ಲಿ ಹೊಸ ಸೋಪು, ಮಂಚದ ಮೇಲೆ ಮಡಚಿಟ್ಟ ಹೊದಿಕೆ. "ಧೂಳು ತುಂಬಿದ ಮನೆಗೆ ನೀನು ಯಾಕೆ ಬರ್ಬೇಕು ಅಂತ ಹೆಂಗಸರನ್ನ ಕಳಿಸಿ ಒರೆಸಿದೆ" ಎಂದಳು ಪುಟ್ಟಿ ಫೋನಿನಲ್ಲಿ. ಫೋನಿಟ್ಟು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಡಹುಟ್ಟಿದವಳು ಅಂದರೆ ಹೀಗಿರಬೇಕು ಎಂದು ದೀಪಸ್ತಂಭದ ಮಾಲೀಕನ ಹತ್ತಿರವೂ ಹೇಳಿಕೊಂಡಿದ್ದಳು. ಅವನು ಏಕೋ ಚಹಾದ ಲೋಟದೊಳಗೆ ನೋಡುತ್ತ ಕೂತಿದ್ದ.

ಆ ಸಲ ಹೋದದ್ದು ಕಣಿವೆಯ ಒಂದು ಮನೆಗೆ. ಹೋದ ಮರುದಿನವೇ ನೀರಿನ ಪೈಪು ಒಡೆದು ನೆಲವೆಲ್ಲ ಕೆಸರಾಯಿತು. ಮಾಲೀಕ ಸಂಕೋಚದಿಂದ ಕೈಹಿಸುಕಿಕೊಂಡ. "ಇನ್ನೊಮ್ಮೆ ಬಂದ್ರಾಯ್ತು ಬಿಡಿ" ಎಂದು ಅವನಿಗೇ ಸಮಾಧಾನ ಹೇಳಿ ಅಕ್ಕ ಬೆಳಗಿನ ಬಸ್ಸು ಹತ್ತಿದಳು. ತಂಗಿಗೆ ಫೋನ್ ಮಾಡಲಿಲ್ಲ. ಪಾಪ, ಸುಮ್ಮನೆ ಗಾಬರಿಯಾಗುತ್ತಾಳೆ.

ಮಧ್ಯಾಹ್ನ ಮೂರನೇ ಮಹಡಿ ಹತ್ತಿ ಬೀಗದಕೈ ತೂರಿಸಿದರೆ ಒಳಗೆ ಹೋಗಲಿಲ್ಲ. ಒಳಗಡೆಯಿಂದ ಇನ್ನೊಂದು ಬೀಗದಕೈ ಸಿಕ್ಕಿಸಿದ್ದರು. ಅವಳು ಕಕ್ಕಾಬಿಕ್ಕಿಯಾಗಿ ನಿಂತಿರುವಾಗಲೇ ಬಾಗಿಲು ತೆರೆಯಿತು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಒಬ್ಬ ಮನುಷ್ಯ, ಕಾಲಲ್ಲಿ ಅವಳ ಮನೆಯ ಚಪ್ಪಲಿ.

"ಯಾರು ಬೇಕಾಗಿತ್ತು?"

ತನ್ನ ಮನೆಯ ಹೊಸ್ತಿಲಲ್ಲಿ ಈ ಪ್ರಶ್ನೆಗೆ ಏನು ಉತ್ತರ ಕೊಡುವುದು?

"ಕ್ಲೀನಿಂಗಿಗೆ ಬಂದ್ರಾ? ನಾಳೆ ಅಂದಿದ್ರಲ್ಲ."

"ಅಲ್ಲ... ನಾನು ಮನೆಯವರ ಅಕ್ಕ."

"ಓಹೋ, ಬನ್ನಿ ಬನ್ನಿ! ಲೇ, ಯಾರು ಬಂದಿದ್ದಾರೆ ನೋಡು."

ಒಳ್ಳೆಯ ಜನ. ಕೂರಿಸಿದರು. ಅವಳ ಒಲೆಯ ಮೇಲೆ ಅವಳ ಪಾತ್ರೆಯಲ್ಲಿ ಚಹಾ ಕಾಸಿ, ಸಕ್ಕರೆ ಡಬ್ಬಿ ಯಾವ ಕಪಾಟಿನಲ್ಲಿ ಎಂದು ತಡಕಾಡಿದರು. ಅವಳು ಬೆರಳು ತೋರಿಸಬೇಕೆಂದುಕೊಂಡು ತೋರಿಸದೆ ಕೂತಳು. ಗೋಡೆಯ ಮೇಲೆ ಅಮ್ಮನ ಫೋಟೊ ಇತ್ತು. ಪಕ್ಕದಲ್ಲಿದ್ದ ಅವಳದು ಇರಲಿಲ್ಲ, ಮೊಳೆ ಮಾತ್ರ ಇತ್ತು. ಬಟ್ಟೆಯ ಬೀರುವಿಗೆ ಎಂದೂ ಇಲ್ಲದ ಒಂದು ಬೀಗ ಜೋತುಬಿದ್ದಿತ್ತು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಆ ಮನುಷ್ಯನ ಹೆಂಡತಿ ಕಾಲು ಮಡಚಿಕೊಂಡು ಆರಾಮವಾಗಿ ಕೂತಿದ್ದಳು.

"ನಾವು ಬೇರೆ ಮನೆ ನೋಡ್ತಿದ್ವಿ" ಎಂದಳು ಆಕೆ. "ಅಷ್ಟರಲ್ಲಿ ಇದರ ಹೆಸರು ಕಣ್ಣಿಗೆ ಬಿತ್ತು. 'ಕೂತರೆ ಏಳಲು ಮನಸ್ಸು ಬಾರದ ಕಿಟಕಿ.' ಫೋಟೊ ಕೂಡ ನೋಡ್ಲಿಲ್ಲ ನೋಡಿ, ಇದೇ ಬೇಕು ಅಂದೆ ಇವರಿಗೆ. ಹೋದ ವರ್ಷ ನಮ್ಮ ಸ್ನೇಹಿತರೂ ಇಲ್ಲೇ ಇದ್ರಂತೆ, ಎರಡು ಸಲ. ಅಮ್ಮನ ಕುರ್ಚಿಯಂತೆ ಅಲ್ವಾ ಇದು? ಅಮ್ಮನ ನೆನಪಿಗೆ ಅಂತ ಈ ಮನೆ ಬಂದವರಿಗೆ ತೆರೆದಿಟ್ಟಿದ್ದೀವಿ ಅಂತ ನಿಮ್ಮ ತಂಗಿ ಎಷ್ಟು ಚೆನ್ನಾಗಿ ಬರೆದಿದ್ದಾರೆ! ಓದಿ ನಂಗೆ ಅಳು ಬಂತು."

ಅಕ್ಕನಿಗೆ ನೆನಪಾಯಿತು. ಅಮ್ಮ ಹೋಗಿ ವರ್ಷ ತುಂಬುವ ಹೊತ್ತಿಗೆ ಇಬ್ಬರೂ ಇದೇ ಕೋಣೆಯಲ್ಲಿ ಕೂತು ಅತ್ತು ಹಗುರಾಗಿದ್ದರು. ಆಗ ಪುಟ್ಟಿ ಮೂಗೊರೆಸಿಕೊಳ್ಳುತ್ತ, "ನಮ್ಮನೆಗೇ ತಲೆಬರಹ ಕೊಡು ಅಂದ್ರೆ ಏನು ಕೊಡ್ತೀಯ ಅಕ್ಕಾ?" ಎಂದು ಕೇಳಿದ್ದಳು. ಯೋಚಿಸಬೇಕಾಗಿರಲಿಲ್ಲ, ಅಮ್ಮನ ಮಾತೇ ಬಾಯಿಗೆ ಬಂದಿತ್ತು. ಅಂದು ತಂಗಿ ತಲೆಯಾಡಿಸಿ ಅವಳ ಭುಜಕ್ಕೆ ಒರಗಿದ್ದಳು.

ಅವಳು ಚಹಾದ ಲೋಟ ಕೆಳಗಿಟ್ಟಳು. ಈ ಗಂಡಹೆಂಡಿರ ತಪ್ಪೇನೂ ಇಲ್ಲವಲ್ಲ ಎಂದುಕೊಂಡು, "ಆರಾಮಾಗಿರಿ" ಎಂದು ಹೇಳಿ ಚೀಲ ಎತ್ತಿಕೊಂಡು ಹೊರಟಳು.

ಕೆಳಗೆ ದರ್ಜಿಯ ಅಂಗಡಿ. ಅಕ್ಕ ಅವನ ಬೆಂಚಿನ ಮೇಲೆ ಕೂತಳು. ಅವನು ಹೊಲಿಗೆಯಂತ್ರ ನಿಲ್ಲಿಸಿದ.

"ಏನಕ್ಕಾ, ಮೇಲಿನೋರು ಇನ್ನೂ ಖಾಲಿ ಮಾಡಿಲ್ವಾ? ನೀವು ಬರೋ ಹೊತ್ತಿಗೆ ಯಾವಾಗ್ಲೂ ಹೋಗಿರ್ತಾರಲ್ಲ."

"ನಿಮಗೆ ಗೊತ್ತಿತ್ತಾ?"

ದರ್ಜಿ ಸೂಜಿಯನ್ನು ತುಟಿಯಿಂದ ತೆಗೆದ. "ಬೀದಿಗೆಲ್ಲ ಗೊತ್ತಲ್ಲಕ್ಕ. ನೀವೇ ಕೊಡ್ತಿದ್ದೀರ ಅಂದ್ಕೊಂಡಿದ್ದೆ. ಅಯ್ಯೋ... ನಿಮಗೆ ಗೊತ್ತಿರ್ಲಿಲ್ವಾ?"

ಅವಳು ಎದ್ದು ತಂಗಿಯ ಮನೆಯ ಕಡೆಯ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಒಂದೇ ಆಸೆ: ಪುಟ್ಟಿ ಏನಾದರೂ ಹೇಳಲಿ, ಮೊದಲ ಸಲ ಅನ್ನಲಿ, ಗಂಡ ಒತ್ತಾಯ ಮಾಡಿದ ಅನ್ನಲಿ, ಸುಳ್ಳಾದರೂ ಸರಿ.

ಬಾಗಿಲು ತೆರೆದ ಪುಟ್ಟಿ ಅಕ್ಕನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಚೀಲ ನೋಡಿದಳು. "ಇಷ್ಟು ಬೇಗ ಯಾಕೆ ಬಂದೆ?"

ಬಾಯಿಂದ ಬಂದ ಮೊದಲ ಮಾತು ಅದು.

"ಮನೆಗೆ ಹೋಗಿದ್ದೆ. ಚಹಾ ಕೊಟ್ರು."

ಪುಟ್ಟಿ ಬಾಗಿಲಿಗೆ ಒರಗಿದಳು. "ಒಳಗೆ ಬಾ, ಬೀದೀಲಿ ಬೇಡ" ಎಂದಳು. ಒಳಗೆ ಹೋದ ಮೇಲೂ ಅಕ್ಕ ಕೂರಲಿಲ್ಲ.

"ಖಾಲಿ ಬಿದ್ದಿರೋ ಮನೆ ಅಕ್ಕಾ. ನೀನಿಲ್ಲದಾಗ ಮಾತ್ರ."

"ನಾನಿಲ್ಲದ ಹಾಗೆ ಮಾಡಿದ್ದು ಯಾರು?"

ಪುಟ್ಟಿ ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಮಡಚತೊಡಗಿದಳು.

"ನಂಗೊಂದು ಮಾತು ಹೇಳೋಕೇನಾಗಿತ್ತೇ?"

"ಹೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ."

ಎಷ್ಟು ಸಲೀಸಾಗಿ ಹೇಳಿದಳು! ಚಿಕ್ಕಂದಿನಲ್ಲಿ ಬೆಲ್ಲ ಕದ್ದು ಸಿಕ್ಕಿಬಿದ್ದಾಗಲೂ ಇವಳು ಇದಕ್ಕಿಂತ ಹೆಚ್ಚು ತಡವರಿಸುತ್ತಿದ್ದಳು.

"ಅಮ್ಮನ ಮಾತು ಕಣೇ ಅದು. ಅದನ್ನೂ ಮಾರಿಬಿಟ್ಯಲ್ಲ."

ಈಗ ಪುಟ್ಟಿಯ ಮುಖ ಕೆಂಪಾಯಿತು. "ನೀನು ಮಾಡೋದೇನು? ಕಂಡವರ ಮನೆಯ ಗಾಳಿ, ಘಮ, ಮೆಟ್ಟಿಲು ಎಲ್ಲ ಮಾತಾಗಿಸಿ ಮಾರೋಕೆ ಕೊಡಲ್ವಾ? ಅವರಿಗೂ ಅಮ್ಮ ಇರಲ್ವಾ?"

ಆ ಮಾತು ಚುಚ್ಚಿತು, ಏಕೆಂದರೆ ಅದರಲ್ಲಿ ಒಂದಿಷ್ಟು ನಿಜವಿತ್ತು. ಆದರೂ ಅವರು ತಾವಾಗಿಯೇ ಬಾಗಿಲು ತೆರೆದು ಕರೆದವರು. ಅದನ್ನು ಹೇಳಲು ಬಾಯಿ ತೆರೆದವಳಿಗೆ ದೀಪಸ್ತಂಭದವನು ಲೋಟದೊಳಗೆ ನೋಡುತ್ತ ಕೂತದ್ದು ಇದ್ದಕ್ಕಿದ್ದಂತೆ ನೆನಪಾಯಿತು.

"ಪುಟ್ಟೀ, ದೀಪಸ್ತಂಭದ ಮನೆಗೆ ನಾನು ಬರೆದದ್ದು ಹಾಕಿದ್ಯಾ?"

"ಅದ್ಯಾಕೆ ಈಗ?"

"ಹಾಕಿದ್ಯಾ?"

ಪುಟ್ಟಿ ಬಳೆಗಳನ್ನು ಹಿಂದೆ ಮುಂದೆ ಸರಿಸಿದಳು. "ಅದು ಬಾಡಿಗೆಗೆ ಇಲ್ಲ ಅಕ್ಕಾ. ಅವರು ನಮ್ಮನೆಯವರ ಪರಿಚಯದವರು. ಅಕ್ಕ ವಾರ ಇದ್ದು ಬರ್ತಾಳೆ ಅಂದೆ, ಇರ್ಲಿ ಅಂದ್ರು."

"ಕೆರೆ ಆಚೆಯದು?"

"ಅದೂ ಅಷ್ಟೆ."

"ಈಗ ಹೋಗಿ ಬಂದದ್ದು?"

ಪುಟ್ಟಿ ಬಳೆಗಳನ್ನು ಮೊಣಕೈವರೆಗೂ ಸರಿಸಿದಳು.

ಮನೆ ಕೊಟ್ಟದ್ದನ್ನು ಅಕ್ಕ ಎಂದಾದರೂ ಮರೆತಾಳು, ಇದನ್ನಲ್ಲ. ದೀಪಸ್ತಂಭದ ಮನೆಯಲ್ಲಿ ಅವಳು ಬೆಳಗಿನ ಚಳಿಯಲ್ಲಿ ಎದ್ದು ಕೂತು, ಬರೆದು ಹೊಡೆದು, ಹೊಡೆದು ಬರೆದು, ಕೊನೆಗೆ ಒಂದು ಸಾಲು ಸಿಕ್ಕಾಗ ಒಬ್ಬಳೇ ಚಪ್ಪಾಳೆ ತಟ್ಟಿದ್ದಳು. ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ಇದೇ ಪುಟ್ಟಿ, "ಅಬ್ಬಾ, ನಿನ್ನ ಬಿಟ್ರಿಲ್ಲ ಅಕ್ಕಾ!" ಎಂದಿದ್ದಳು. ಮಗುವಿನ ಕೈಗೆ ಆಟಿಕೆಯ ಸೌಟು ಕೊಟ್ಟು ಅಡುಗೆಮನೆಯಿಂದ ಆಚೆ ಕೂರಿಸುತ್ತಾರಲ್ಲ, ಹಾಗೆ.

"ಅಳಬೇಡ ಅಕ್ಕಾ" ಎಂದು ಪುಟ್ಟಿ ಕೈಹಿಡಿಯಲು ಬಂದಳು.

"ನಾನು ಅಳ್ತಿಲ್ಲ" ಎಂದಳು ಅಕ್ಕ. ನಿಜಕ್ಕೂ ಅಳುತ್ತಿರಲಿಲ್ಲ. "ಆ ಹೆಸರು ತೆಗೆದುಹಾಕು. ಈಗ, ನನ್ನೆದುರಿಗೆ. ಅವರು ಹೋದ ಮೇಲೆ ಬೀಗದಕೈನೂ ಕೊಡು."

ಪುಟ್ಟಿ ಎರಡನ್ನೂ ಮಾಡಿದಳು. ಮನೆಯಲ್ಲಿ ತನಗೂ ಪಾಲಿದೆ ಎಂದು ಗೊಣಗಿದಳು; ಹೌದು, ಇದೆ ಎಂದು ಅಕ್ಕನೂ ಒಪ್ಪಿದಳು. ಮೇಲಿದ್ದ ಗಂಡಹೆಂಡತಿ ಊರು ಬಿಡುವವರೆಗೆ ಅಕ್ಕ ದರ್ಜಿಯ ಹೆಂಡತಿಯ ಜೊತೆ ಅವರ ಹಿಂದಿನ ಕೋಣೆಯಲ್ಲಿದ್ದಳು. ದರ್ಜಿ ಅವಳ ಮುಖ ನೋಡಲು ನಾಚಿ, ಬೇಡವೆಂದರೂ ಅವಳ ಚೀಲದ ಹರಿದ ಪಟ್ಟಿಯನ್ನು ಹೊಲಿದುಕೊಟ್ಟ.

ಮನೆಗೆ ಹಿಂತಿರುಗಿದ ಮೇಲೆ ಅವಳಿಗೆ ಯಾವ ವಸ್ತುವೂ ತನ್ನದು ಅನ್ನಿಸಲಿಲ್ಲ. ಈ ತಟ್ಟೆಯಲ್ಲಿ ಯಾರು ಉಂಡರೋ, ಈ ದಿಂಬಿಗೆ ಯಾರು ತಲೆಯಿಟ್ಟರೋ. ಪ್ರತಿ ಪ್ರವಾಸವನ್ನೂ ಮನಸ್ಸಿನಲ್ಲೇ ಮತ್ತೆ ಮಾಡಿದಳು. ಆಗ ಕಂಡಿದ್ದ ಸಮುದ್ರದಲ್ಲಿ ಈಗ ಬಣ್ಣವಿರಲಿಲ್ಲ. ತಂಗಿ ಕಟ್ಟಿಕೊಟ್ಟಿದ್ದ ಹಣ್ಣುಗಳ ನೆನಪೂ ಬಾಯಲ್ಲಿ ಕಹಿಯಾಯಿತು.

ಕೆಲಸ ಬಿಡಲಿಲ್ಲ. ಬೇಕರಿಯವರೇ ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ, ಮಾಲೀಕರು ನೇರವಾಗಿ ಅವಳನ್ನೇ ಹುಡುಕಿಕೊಂಡು ಬರತೊಡಗಿದರು. ಈಗ ಅವಳು ಮನೆಯಲ್ಲಿ ಉಳಿಯಲು ಹೋಗುವುದಿಲ್ಲ. ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಾಳೆ. ಬರೆದದ್ದು ಹಾಕಿದ್ದಾರೆಯೇ ಎಂದು ಆ್ಯಪ್ ತೆರೆದು ತಾನೇ ನೋಡುತ್ತಾಳೆ. ಸಾಲುಗಳು ಮೊದಲಿನಷ್ಟು ಚೆನ್ನಾಗಿಲ್ಲವೆಂದು ಅವಳಿಗೇ ಗೊತ್ತು.

ಚಳಿಗಾಲ ಮುಗಿಯುವಾಗ ಒಂದು ಸಂಜೆ ಪುಟ್ಟಿ ಬಂದಳು. ಬೀಗದಕೈ ಇಲ್ಲದ್ದರಿಂದ ಬೆಲ್ಲು ಒತ್ತಿದಳು. ಅಕ್ಕ ಬಾಗಿಲು ತೆರೆದು ದಾರಿ ಬಿಟ್ಟಳು. ಪುಟ್ಟಿ ಮಂಚದ ಅಂಚಿನಲ್ಲಿ ಕೂತು, ಮಂಡಿನೋವು, ಮಕ್ಕಳ ಪರೀಕ್ಷೆ, ಹೊಸ ಬಸ್ ಮಾರ್ಗ ಎಂದು ಏನೇನೋ ಮಾತಾಡಿದಳು. ಅಕ್ಕ ಹೂಂಗುಟ್ಟುತ್ತ ಚಹಾಕ್ಕೆ ನೀರಿಟ್ಟಳು. ಕುದಿ ಬಂದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದಳು:

"ಸಕ್ಕರೆ ಎಷ್ಟು ಹಾಕ್ಲಿ?"

ಪುಟ್ಟಿ ತಲೆಯೆತ್ತಿದಳು. ಹುಟ್ಟಿದಾಗಿನಿಂದ ಈ ಪ್ರಶ್ನೆಯನ್ನು ಅಕ್ಕ ಅವಳಿಗೆ ಕೇಳಿರಲಿಲ್ಲ.

"ಮರೆತುಬಿಟ್ಯಾ ಅಕ್ಕಾ?"

"ಇಲ್ಲ" ಎಂದಳು ಅಕ್ಕ, ಚಮಚ ಹಿಡಿದು ಕಾಯುತ್ತ.