ಗ್ಲಾಸಿನ ಪಕ್ಕದ ರೊಟ್ಟಿ

ಗ್ಲಾಸಿನ ಮುಂದೆ ಬಗ್ಗುವಾಗ ಬಾರಿನ ಮಾಲಕರು ಎಡಗೈಯಿಂದ ಕೊರಳಿನ ತುಳಸಿ ಮಾಲೆಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದರು. ಒಂದು ಮಣಿಯೂ ವೈನಿಗೆ ತಾಗಬಾರದು. ಹಾಗೆಯೇ ಕಣ್ಣು ಮುಚ್ಚಿ ಒಮ್ಮೆ ಮೂಸಿ, ಗ್ಲಾಸನ್ನು ನನ್ನ ಕಡೆ ಸರಿಸಿ, ‘ಹೇಳ್ರಿ ಸಾಹೇಬ್ರ, ಇದಕ್ಕ ಯಾವ ಪಲ್ಯಾ ಕೂಡತೈತಿ?’ ಎನ್ನುತ್ತಿದ್ದರು.

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯಲ್ಲಿ ಅವರದೊಂದು ಬಾರ್ ಅಂಡ್ ರೆಸ್ಟೋರೆಂಟ್. ಕಟ್ಟಿದವರು ಅವರಣ್ಣ, ಅಣ್ಣ ತೀರಿಕೊಂಡ ಮೇಲೆ ಇವರ ಹೆಗಲಿಗೆ ಬಿತ್ತು. ಮದ್ಯ ಮುಟ್ಟುವುದಿಲ್ಲವೆಂದು ಮಾಲೆ ಹಾಕಿಕೊಂಡವರು ಬಾರಿನ ಗಲ್ಲಾದಲ್ಲಿ ಕೂರುವುದು ಹೇಗೆ ಎಂದು ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಕೇಳಿದರೆ, ‘ನನಗೂ ತಿಳಿದಿಲ್ರಿ’ ಎಂದು ನಕ್ಕುಬಿಡುತ್ತಿದ್ದರು.

2009ರ ಸುಮಾರು. ನಾನು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ಹೆಂಡತಿ, ಮಕ್ಕಳು ಧಾರವಾಡದಲ್ಲಿ. ನಾನೊಬ್ಬನೇ ಬಾಡಿಗೆ ಖೋಲಿಯಲ್ಲಿ. ಸಂಜೆಯಾದರೆ ಆ ಬಾರಿನ ಮೂಲೆಯಲ್ಲಿ ಒಂದು ಕ್ವಾರ್ಟರ್, ಒಂದು ಮುಷ್ಟಿ ಶೇಂಗಾ, ಅಷ್ಟೇ ಊಟ. ಬೆಳಿಗ್ಗೆ ಲ್ಯಾಬಿನಲ್ಲಿ ಕೈ ನಡುಗುತ್ತಿತ್ತು. ಯಾರೂ ನೋಡಿಲ್ಲ ಎಂದುಕೊಂಡಿದ್ದೆ.

ಒಂದು ಸಂಜೆ ಮಾಲಕರು ಕ್ವಾರ್ಟರಿನ ಬದಲು ವೈನ್ ಬಾಟಲಿ ತಂದಿಟ್ಟರು. ‘ಹೊಸದಾಗಿ ಇಡಾಕತ್ತೇನ್ರಿ. ಯಾವ ಊಟಕ್ಕ ಯಾವುದು ಅಂತ ಗಿರಾಕಿಗೆ ಹೇಳಬೇಕು. ನಾ ಅಂತೂ ಬಾಯಿಗೆ ಹಚ್ಚಂಗಿಲ್ಲ. ನೀವು ಲ್ಯಾಬಿನವ್ರು, ಸಕ್ರಿ ನೋಡಿದ ನಾಲಿಗಿ ಸುಳ್ಳು ಹೇಳಂಗಿಲ್ಲ.’ ಲ್ಯಾಬಿನಲ್ಲಿ ಸಕ್ಕರೆಯನ್ನು ಯಂತ್ರ ನೋಡುತ್ತದೆ, ನಾಲಿಗೆಯಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹೊಗಳಿಕೆ ಹಿತವಾಗಿತ್ತು.

ಒಂದೇ ಷರತ್ತು: ತಟ್ಟೆ ಖಾಲಿಯಾಗುವ ತನಕ ಗ್ಲಾಸು ಮತ್ತೆ ತುಂಬುವಂತಿಲ್ಲ. ಒಳಗಿನಿಂದ ಅವರ ಅತ್ತಿಗೆ ಬಿಸಿ ರೊಟ್ಟಿ ಕಳಿಸುತ್ತಿದ್ದರು. ಖಾರದ ರಸ್ಸಾದ ಜೊತೆ ಕೆಂಪು ವೈನ್ ಕುಡಿದ ದಿನ ಗಂಟಲಿಗೆ ಬೆಂಕಿ ಬಿತ್ತು. ಪುಂಡಿಪಲ್ಯದ ಹುಳಿಗೆ ಬಿಳಿಯದು ಹೊಂದುತ್ತದೆ ಎಂದು ಸೋಮವಾರ ಹೇಳಿದೆ, ಗುರುವಾರ ಇಲ್ಲ ಎಂದೆ. ಬದನೆಕಾಯಿ ಎಣ್ಣೆಗಾಯಿಗೆ ಎರಡೂ ಸರಿ, ಎರಡೂ ತಪ್ಪು. ಮಾಲಕರಿಗೆ ಬೇಸರವೇ ಇಲ್ಲ. ‘ಹಂಗಾರ ನಾಳೆ ಮತ್ತ ನೋಡೋಣ್ರಿ.’

ಆದರೆ ಬೇರೆ ಯಾವ ಮೇಜಿನ ಮೇಲೂ ನಾನು ವೈನ್ ಕಾಣಲಿಲ್ಲ. ಕೇಳಿದರೆ, ‘ನಿಮ್ಮ ರಿಪೋರ್ಟ್ ಇನ್ನೂ ಪಕ್ಕಾ ಆಗಿಲ್ಲಲ್ರಿ!’ ಎಂದು ನನ್ನನ್ನೇ ದಬಾಯಿಸಿದರು. ನನ್ನಿಂದಾಗಿ ಪಾಪ ಅವರ ವ್ಯಾಪಾರ ನಿಂತಿದೆಯಲ್ಲ ಎಂದು ಸಂಕಟವಾಯಿತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಕೈ ನಡುಗುವುದು ನಿಂತಿತ್ತು. ಚಿಕ್ಕೋಡಿಯ ನೀರು ಮೈಗೆ ಹಿಡಿಸಿತು ಎಂದುಕೊಂಡೆ, ದಡ್ಡ.

ಆಮೇಲೆ ಬೇರೆ ಕಾರ್ಖಾನೆಗೆ ಹೋದೆ. ಏಳೆಂಟು ವರ್ಷ ಕಳೆದು, ಮಾಲಕರು ತೀರಿಕೊಂಡರೆಂದು ತಿಳಿದು ಮನೆಯವರನ್ನು ಮಾತನಾಡಿಸಲು ಹೋದಾಗ ಅವರ ಅತ್ತಿಗೆ ಒಬ್ಬರೇ ಗಲ್ಲಾದಲ್ಲಿ ಕೂತಿದ್ದರು. ಮಾಲಕರ ವೈನ್ ವ್ಯಾಪಾರ ಕೊನೆಗೂ ಹತ್ತಿತೇ ಎಂದು ಕೇಳಿದೆ.

‘ಎಲ್ಲಿ ವ್ಯಾಪಾರ್ರಿ? ಅದೊಂದ ಪೆಟಗಿ ತಂದಿದ್ರು, ನಿಮಗಂತನ. ನಮ್ಮ ಮನಿಯವ್ರು ಖಾಲಿ ಹೊಟ್ಟಿಲೆ ಕುಡದು ಕುಡದು ಹ್ವಾದ್ರು. ನೀವೂ ಅದ ಮೂಲ್ಯಾಗ, ಹಂಗ ಕುಂದರತಿದ್ರಿ. ಮೈದುನಗ ನೋಡಾಕ ಆಗಲಿಲ್ಲ.’

‘ನನ್ನ ನಾಲಿಗಿಗೆ ಏನೂ ತಿಳಿಯಂಗಿಲ್ಲ ಅಂತ ಅವರಿಗೆ ಗೊತ್ತಿತ್ತೇನ್ರಿ?’ ಎಂದೆ.

‘ಯಾರಿಗೆ ಗೊತ್ರಿ,’ ಎಂದು ಅವರು ಎದ್ದು ಹೋಗಿ ರೊಟ್ಟಿಯ ತಟ್ಟೆ ತಂದು ಮುಂದಿಟ್ಟರು. ಕಣ್ಣು ತುಂಬಿ ತುತ್ತು ಕಾಣಲಿಲ್ಲ.

ಯಾವುದಕ್ಕೆ ಯಾವುದು ಕೂಡುತ್ತದೆಯೋ, ನನಗೆ ಇವತ್ತಿಗೂ ತಿಳಿಯದು. ಹೋಟೆಲಿಗೆ ಹೋದರೆ ಮೊದಲು ರೊಟ್ಟಿ ಹೇಳುತ್ತೇನೆ. ಅದನ್ನು ತಿಂದು ಮುಗಿಸುವಷ್ಟರಲ್ಲಿ ಗ್ಲಾಸು ಹೇಳುವುದು ಮರೆತಿರುತ್ತದೆ.