ಬಿದ್ದಲ್ಲೆಲ್ಲ ಒಂದು ತಂಬಿಗೆ ನೀರು

ನೀವು ನಂಬುವುದಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ನಾನು ಬಿದ್ದದ್ದಕ್ಕೆ ಒಂದು ಇಡೀ ಸಂಸಾರ ನನ್ನ ಪಕ್ಕದಲ್ಲಿ ಸಾಲಾಗಿ ಅಂಗಾತ ಮಲಗಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಈ ಕತೆ ಹೇಳಿದಾಗೆಲ್ಲ ಮಲಗಿದವರ ಸಂಖ್ಯೆ ಏರುತ್ತದೆ ಎಂದು ನನ್ನ ಗೆಳತಿ ದೂರುತ್ತಾಳೆ. ಒಮ್ಮೆ ಹನ್ನೆರಡರವರೆಗೂ ಹೋಗಿತ್ತಂತೆ. ಇಲ್ಲಿ ನಾಲ್ಕಕ್ಕೇ ನಿಲ್ಲಿಸಿದ್ದೇನೆ. ಬರೆದಿಟ್ಟ ಸುಳ್ಳು ಬೇಗ ಸಿಕ್ಕಿಬೀಳುತ್ತದೆ.

ಮೊದಲು ಬೀಳುವುದರ ಬಗ್ಗೆ ಹೇಳುತ್ತೇನೆ. ಒಂಬತ್ತನೇ ವರ್ಷದಿಂದ ನನಗೆ ಶುಗರ್ ಇದೆ. ವಯಸ್ಸಾದವರು ಗುಳಿಗೆ ನುಂಗುವ ಶುಗರ್ ಅಲ್ಲ, ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಕೊಳ್ಳುವಂಥದ್ದು. ಅದು ರೂಢಿಯಾಗಿದೆ. ಇನ್ಸುಲಿನ್ ನಮ್ಮ ಫ್ರಿಜ್ಜಿನಲ್ಲಿ ಹಸಿಮೆಣಸಿನಕಾಯಿಯ ಪಕ್ಕ ಕೂತಿರುತ್ತದೆ, ಅವೆರಡಕ್ಕೂ ಈಗ ಒಳ್ಳೆಯ ಸ್ನೇಹ. ಆದರೆ ಹೋದ ವರ್ಷದಿಂದ ಇನ್ನೊಂದು ಶುರುವಾಯಿತು. ನಿಂತಿದ್ದವಳು ನಿಂತಲ್ಲೇ ಬಿದ್ದುಬಿಡುತ್ತೇನೆ. ತಲೆ ತಿರುಗುವುದಿಲ್ಲ, ಕಣ್ಣಿಗೆ ಕತ್ತಲೆ ಬರುವುದಿಲ್ಲ, ಎಚ್ಚರ ತಪ್ಪುವುದಿಲ್ಲ. ಎಲ್ಲವೂ ಗೊತ್ತಾಗುತ್ತಿರುತ್ತದೆ, ಕಾಲು ಮಾತ್ರ ನನ್ನವಲ್ಲ. ಎರಡು ಮೂರು ನಿಮಿಷ ಬಿಟ್ಟು ಅವು ವಾಪಸ್ಸು ಬರುತ್ತವೆ. ಎಲ್ಲಿಗೆ ಹೋಗಿದ್ದವೋ ಹೇಳುವುದಿಲ್ಲ.

ಬಿದ್ದ ಕೂಡಲೇ ಬೆರಳು ಚುಚ್ಚಿ ನೋಡಿದರೆ ಶುಗರ್ ಸರಿಯಾಗಿಯೇ ಇರುತ್ತದೆ. ಬಾಗಲಕೋಟೆಯ ದವಾಖಾನೆಯಲ್ಲಿ ತಲೆಯ ಸ್ಕ್ಯಾನ್ ಆಯಿತು, ಎದೆಯದಾಯಿತು, ನರದ್ದೂ ಆಯಿತು.

"ಎಲ್ಲಾ ನಾರ್ಮಲ್ ಐತಿ ನೋಡ್ರಿ," ಎಂದರು ಡಾಕ್ಟರು.

"ಮತ್ತ ಬೀಳೂದು ಯಾಕ್ರಿ?" ಅಪ್ಪ ಕೇಳಿದ.

"ಅದ ತಿಳೀವಲ್ದು. ಸದ್ಯ ಹುಷಾರಿಂದ ನೋಡಿಕೋರಿ."

ಆ ನಾರ್ಮಲ್ ಎಂಬ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ದವಾಖಾನೆಯ ಬಾಗಿಲಲ್ಲಿ ಬಿದ್ದೆ. ಖರೆ ಹೇಳಬೇಕೆಂದರೆ ಬಾಗಿಲಲ್ಲಿ ಅಲ್ಲ, ಅದರಾಚೆಯ ಔಷಧಿ ಅಂಗಡಿಯ ಮುಂದೆ. ಬಾಗಿಲಾದರೆ ಕೇಳಲು ಚೆಂದ.

ಇಷ್ಟಾದ ಮೇಲೂ ನನಗೆ ಬಾಗಲಕೋಟೆಯಲ್ಲೇ ಓದಬೇಕಿತ್ತು. ಲ್ಯಾಬ್ ಟೆಕ್ನಿಷಿಯನ್ ಕೋರ್ಸು, ಹಾಸ್ಟೆಲ್ಲಿನಲ್ಲಿ ವಾಸ. ಎಂಟು ವರ್ಷ ಊರವರೆಲ್ಲ ನನ್ನ ಬೆರಳು ಚುಚ್ಚಿದ್ದಾರೆ, ಇನ್ನು ಮೇಲೆ ನಾನು ಅವರದ್ದು ಚುಚ್ಚಬೇಕು. ಅಪ್ಪ ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತು, ಲಾಳಿ ಎಸೆಯುತ್ತಲೇ ಎರಡು ದಿನ ಯೋಚಿಸಿದ. ಮೂರನೇ ದಿನ ಅಮಾವಾಸ್ಯೆ, ನೇಕಾರರಿಗೆ ರಜೆ. ಮಗ್ಗ ನಿಲ್ಲಿಸಿದ.

"ಅಲ್ಲಿ ಬಿದ್ರ ನಿನ್ನ ಎತ್ತವರು ಯಾರು? ಅದನ್ನ ಹೇಳು."

"ಬೀಳಂಗಿಲ್ಲಪಾ."

"ಹಂಗಾರ ಈ ಅಮಾಸಿಯಿಂದ ಮುಂದಿನ ಅಮಾಸಿ ತನಕಾ ಬೀಳದ ತೋರಸು. ಫಾರ್ಮಿಗೆ ಸಹಿ ಹಾಕ್ತೇನಿ. ಒಂದ ಸಲಾ ಬಿದ್ದಿ ಅಂದ್ರೂ ಮನ್ಯಾಗ ಕುಂತ ಓದು, ಪರೀಕ್ಷೆಗೆ ಮಾತ್ರ ನಾ ಕರಕೊಂಡು ಹೋಗ್ತೇನಿ."

ನಾನು ಕೋರ್ಸಿನ ಫಾರ್ಮನ್ನು ಮಡಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ನಾಲ್ಕನೇ ದಿನಕ್ಕೇ ಬಿದ್ದೆ.

ಆಯಿ, ಅಂದರೆ ಅಪ್ಪನ ತಾಯಿ, ಕೂಡಲಸಂಗಮಕ್ಕೆ ಹೋಗಬೇಕೆಂದಿದ್ದಳು. ನಾನು ಜೊತೆಗೆ ಹೊರಟೆ. ಹುನಗುಂದದಲ್ಲಿ ಬಸ್ಸು ಬದಲಿಸಬೇಕು. ಸ್ಟ್ಯಾಂಡಿನಲ್ಲಿ ನಿಂತಿದ್ದೆ, ನೋಡಿದರೆ ಕೂತಿದ್ದೆ, ಆಮೇಲೆ ಮಲಗಿದ್ದೆ. ಇನ್ನೂರು ಜನ ಸೇರಿದರು. ಸರಿ, ಇಪ್ಪತ್ತು. ಮೂರ್ಛೆಯೆಂದು ತಿಳಿದು ಒಬ್ಬ ತನ್ನ ಬೈಕಿನ ಕೀಲಿಕೈಯನ್ನು ನನ್ನ ಮುಷ್ಟಿಗೆ ತುರುಕಿದ. ಇನ್ನೊಬ್ಬ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದ. ಚಪ್ಪಲಿ ಮೂಸಿಸಲು ಬಂದವನನ್ನು ನಾನೇ ತಡೆದೆ. "ಅಣ್ಣಾರ, ನನಗ ಎಚ್ಚರ ಐತ್ರಿ, ವಾಸನಿ ಬರತೈತ್ರಿ," ಎಂದೆ. ಅಷ್ಟರಲ್ಲಿ ನನ್ನ ಕೊರಳಿನಲ್ಲಿದ್ದ, ಶುಗರ್ ಇದೆ ಎಂದು ಬರೆದ ಚೀಟಿಯನ್ನು ಯಾರೋ ಓದಿ ಕೂಗಿದರು. ಒಬ್ಬ ಹೆಂಗಸು ಅಮೀನಗಡದ ಕರದಂಟಿನ ಪೊಟ್ಟಣ ಬಿಚ್ಚಿ, ನಾನು ಬೇಡ ಎನ್ನಲು ಬಾಯಿ ತೆರೆದದ್ದೇ ತಡ, ಒಂದು ತುಂಡನ್ನು ಒಳಗೆ ಇಟ್ಟಳು. ಕರದಂಟು ಬಾಯಲ್ಲಿದ್ದಾಗ ಯಾರೂ ಮಾತಾಡಲಾರರು. ಬೆಲ್ಲ, ಅಂಟು, ಗೋಡಂಬಿ ಹಲ್ಲಿಗೆ ಹಲ್ಲು ಹಿಡಿಸಿಬಿಡುತ್ತವೆ. ಅದು ಕರಗುವ ಮೊದಲೇ ಇನ್ನೊಂದು ತುಂಡು ಬಂತು. ಬೀಳುವಾಗ ನೂರಾ ಇಪ್ಪತ್ತು ಇದ್ದ ಶುಗರ್ ಸಂಗಮ ಮುಟ್ಟುವಷ್ಟರಲ್ಲಿ ಮುನ್ನೂರು ದಾಟಿತ್ತು. ಬಿದ್ದದ್ದರಿಂದ ನನಗೆ ಒಂದು ಗಾಯವೂ ಆಗಿರಲಿಲ್ಲ, ಎತ್ತಿದ್ದರಿಂದಲೇ ಎರಡು ದಿನ ಸುಸ್ತಾಗಿ ಮಲಗಿದೆ.

ಆ ಗದ್ದಲದಲ್ಲಿ ಆಯಿ ಏನು ಮಾಡುತ್ತಿದ್ದಳು ಗೊತ್ತೇ? ನಾನು ಎದ್ದ ಮೇಲೆ, ಬಿದ್ದ ಜಾಗವನ್ನು ಹುಡುಕಿ ನಮ್ಮ ಬಾಟಲಿಯ ನೀರನ್ನೆಲ್ಲ ಅಲ್ಲಿ ಸುರಿದಳು. ನಮ್ಮ ಕಡೆ ಕೂಸು ಬಿದ್ದರೆ ಹೀಗೆಯೇ. ಬಿದ್ದ ಜಾಗಕ್ಕೆ ನೀರು ಹಾಕಿದರೆ ಅಂಜಿಕೆ ಅಲ್ಲೇ ಉಳಿಯುತ್ತದೆ, ಕೂಸಿನ ಹಿಂದೆ ಮನೆಗೆ ಬರುವುದಿಲ್ಲ. ನಾನು ಹದಿನೇಳು ವರ್ಷದ ಕೂಸು.

"ಆಯಿ, ಅಪ್ಪಗ ಹೇಳಬ್ಯಾಡ ಬೇ. ನನ್ನ ಆಣಿ ಐತಿ ನೋಡು."

"ಹೇಳಂಗಿಲ್ಲ. ಆದ್ರ ಬಿದ್ದಲ್ಲೆಲ್ಲಾ ನೀರ ಹಾಕಬೇಕು. ನಾ ಇರಲಿಲ್ಲಂದ್ರ ನೀನ ಹಾಕು. ಬಿಟ್ಟಿ ಅಂದ್ರ ಹೇಳ್ತೇನಿ."

ಹೀಗೆ ಒಪ್ಪಂದವಾಯಿತು. ಅಂದಿನಿಂದ ಹೊರಗೆ ಹೊರಟರೆ ನನ್ನ ಚೀಲದಲ್ಲಿ ಎರಡು ಬಾಟಲಿ, ಒಂದು ಕುಡಿಯಲು, ಇನ್ನೊಂದು ಬೀಳಲು.

ಮನೆಯೊಳಗೆ ಬಚ್ಚಿಡುವುದು ಒಂದು ವಿದ್ಯೆ. ಅಪ್ಪನ ಮಗ್ಗ ಖಟ್ ಖಟ್ ಎನ್ನುತ್ತಿದ್ದರೆ ನಾನು ಬಿದ್ದ ಸಪ್ಪಳ ಕೇಳಿಸುವುದಿಲ್ಲ. ಮಗ್ಗ ನಿಂತ ಹೊತ್ತಿನಲ್ಲಿ ನಾನು ನಿಲ್ಲುತ್ತಲೇ ಇರಲಿಲ್ಲ, ಕೂತುಬಿಡುತ್ತಿದ್ದೆ. ಯಾವ ಗೋಡೆಗೆ ಕೈ ಊರಬಹುದು, ಯಾವ ಮೊಳೆ ನನ್ನ ಭಾರ ತಡೆಯುತ್ತದೆ, ಬಚ್ಚಲಿಗೆ ಎಷ್ಟು ಹೆಜ್ಜೆ, ನಡುವೆ ಹಿಡಿಯಲು ಏನಿದೆ, ಎಲ್ಲವೂ ಬಾಯಿಪಾಠ. ಯಾರಾದರೂ ಕಂಡರೆ ನಗಿಸುತ್ತಿದ್ದೆ. ನೆಲದಲ್ಲಿ ಕಿವಿಯೋಲೆ ಹುಡುಕಿದೆ, ಇರುವೆಯ ಸಾಲು ಎಣಿಸಿದೆ, ಒಮ್ಮೆ ಯೋಗಾಸನ ಎಂದೆ. ಮುಖದಲ್ಲಿ ನಗು ಇಟ್ಟುಕೊಂಡೇ ಕಾಲು ಬರಲು ಕಾಯಬೇಕು. ಅದರ ದಣಿವು ಎಂಥದ್ದೆಂದರೆ ರಾತ್ರಿ ಊಟಕ್ಕೆ ಕೂತರೆ ರೊಟ್ಟಿ ಮುರಿಯಲೂ ಬೇಜಾರು.

ಇನ್ನು ಗುಹೆ. ಗೆಳತಿಯ ಚಿಕ್ಕಮ್ಮನ ಮನೆ ಚೊಳಚಗುಡ್ಡದಲ್ಲಿದೆ. ಅಲ್ಲಿಗೆ ಹೋದವರು ಬಾದಾಮಿಗೂ ಹೋದೆವು. ಮೆಟ್ಟಿಲುಗಳಲ್ಲಿ ಬೀಳುತ್ತೇನೆಂದು ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು ಏರಿದೆ, ಏನೂ ಆಗಲಿಲ್ಲ. ಮೂರನೆಯ ಗುಹೆಯ ಸಮತಟ್ಟು ನೆಲದಲ್ಲಿ ಬಿದ್ದೆ. ಅಂಗಾತ. ಎದುರಿಗೆ ಆ ಸಂಸಾರ, ಗಾಬರಿಯಲ್ಲಿ. ಆ ತಾಯಿಯ ಕೈ ಚೀಲದೊಳಗೆ ಹೋಗುತ್ತಿತ್ತು. ನನಗೆ ಕರದಂಟು ನೆನಪಾಯಿತು.

"ಹಿಂಗ ಮಲಕೊಂಡ ನೋಡಬೇಕ್ರಿ ಛತ್ತಿನ ಕೆತ್ತನಿ," ಎಂದೆ. "ನಿಂತ ನೋಡಿದ್ರ ಕುತ್ತಿಗಿ ನೋವಾಗಿ ಅರ್ಧಾ ಬಿಟ್ಟುಹೋಗತೈತ್ರಿ."

"ಹೌದೇನ್ರೀ?" ಎಂದ ಗಂಡ.

"ಇಲ್ಲಿಯವರೆಲ್ಲಾ ಹಿಂಗ ನೋಡೂದ್ರಿ."

ಮೊದಲು ಮಕ್ಕಳು ಮಲಗಿದವು, ಆಮೇಲೆ ಆತ, ಕೊನೆಗೆ ಸೀರೆಯ ನಿರಿಗೆ ಸರಿಮಾಡಿಕೊಂಡು ಆಕೆ. ನನ್ನ ಕಾಲು ಬರಲು ಅವತ್ತು ತಡವಾಯಿತು. ಗೊತ್ತಿದ್ದಷ್ಟು ದೇವರ ಕತೆ ಹೇಳಿದೆ, ಅದು ಮುಗಿದ ಮೇಲೆ ಗೊತ್ತಿಲ್ಲದ್ದನ್ನೂ ಹೇಳಿದೆ. ಅವರು ಎದ್ದು, ಕೈ ಮುಗಿದು ಹೋದರು. ಗೆಳತಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಹೊರಡುವಾಗ ಆಯಿಗೆ ತಾನೂ ಮಾತು ಕೊಟ್ಟಿದ್ದಳಲ್ಲ, ಬಾಟಲಿ ಬಿಚ್ಚಿ ಆ ಜಾಗಕ್ಕೆ ಸುರಿದಳು.

"ಏ ತಂಗಿ! ಇದೇನ ನಿಮ್ಮ ಅಂಗಳಾ ಅಂತ ತಿಳಿದೀರೇನ? ಥಳಿ ಹೊಡ್ಯಾಕ ಬಂದೀರೇನ?" ಎಂದು ಕಾವಲುಗಾರ ಓಡಿಬಂದ.

ನಾವೂ ಓಡಿದೆವು. ಓಡಿದೆವು ಎಂದು ಹೇಳುತ್ತೇನೆ. ನಿಜವಾಗಿ ಅವಳು ಓಡಿದಳು, ನಾನು ಒಂದು ಕಂಬದ ಹಿಂದೆ ಕೂತೆ. ಕೆಳಗೆ ಕೆರೆಯ ಹಸಿರು ನೀರು ಕಾಣುತ್ತಿತ್ತು. ಗೆಳತಿ ವಾಪಸ್ಸು ಬಂದು ನಗುತ್ತಾ ನಗುತ್ತಾ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ, "ಹಾಸ್ಟೆಲ್ಲಿನ್ಯಾಗ ದಿನಾ ಇಷ್ಟ ಕತಿ ಹೇಳ್ತಿಯೇನ ನೀ?" ಎಂದಳು. ಅದನ್ನೇ ನಾನೂ ಲೆಕ್ಕ ಹಾಕುತ್ತಿದ್ದೆ, ದಿನಕ್ಕೊಂದರಂತೆ ಎರಡು ವರ್ಷಕ್ಕೆ ಎಷ್ಟು ಕತೆ ಬೇಕು ಅಂತ.

ಮುಂದಿನ ವಾರ ಮಗ್ಗದ ಮೇಲೇ ಬಿದ್ದೆ. ಅಪ್ಪ ನೂಲು ತರಲು ಹೋಗಿದ್ದ, ಬರುವುದು ಸಂಜೆಗೇ. ಕುಣಿಯ ಅಂಚಿನಲ್ಲಿ ನಡೆದುಹೋಗುತ್ತಿದ್ದ ನಾನು ಹಾಸಿನ ಮೇಲೆ, ಅಂದರೆ ಬಿಗಿದು ಕಟ್ಟಿದ ಉದ್ದ ನೂಲಿನ ಮೇಲೆ, ಮೊಳಕೈ ಊರಿ ಕುಸಿದೆ. ಪಟಪಟ ಎಂದು ಎಳೆ ಹರಿದವು. ಆಯಿ ಓಡಿಬಂದು ನನ್ನನ್ನು ಎಳೆದು ಕೂರಿಸಿ, ತಂಬಿಗೆ ತಂದಳು. ಹಾಸು ಒದ್ದೆಯಾಗುತ್ತದೆಂದು ಕುಣಿಯೊಳಗೇ ನೀರು ಬಿಟ್ಟಳು. ಹರಿದ ಎಳೆ ಕೂಡಿಸುವುದು ಅವ್ವನ ಕೆಲಸ. "ಇಲಿ ಬಂದಿತ್ತು ಬೇ, ಬೆಕ್ಕಿನಷ್ಟ ದೊಡ್ಡದು," ಎಂದೆ. ಅವ್ವ ಎಳೆ ಜಾರದಿರಲೆಂದು ಬೂದಿಯಲ್ಲಿ ಬೆರಳು ಅದ್ದಿ, ಎಳೆಗೆ ಎಳೆ ಹೊಸೆಯುತ್ತಾ ಸಂಜೆಯವರೆಗೂ ಬಗ್ಗಿ ಕೂತಿದ್ದಳು. ಅಪ್ಪ ಸಂಜೆ ಕುಣಿಗೆ ಕಾಲಿಟ್ಟು, "ಇದೇನ ಹಸಿ?" ಎಂದ. ಆಯಿ, "ನೆಲದ ತಂಪು," ಎಂದಳು. ಹೊರಗೆ ದಿನವಿಡೀ ನಾಯಿಯೂ ನೆರಳು ಬಿಟ್ಟು ಅಲುಗದಂಥ ಬಿಸಿಲಿತ್ತು.

ಅಮಾವಾಸ್ಯೆಗೆ ಇನ್ನೊಂದೇ ದಿನ ಉಳಿಯಿತು.

ಅವತ್ತು ಮಧ್ಯಾಹ್ನ ಅಪ್ಪ ನೇಯ್ದ ಸೀರೆ ಕೊಟ್ಟು ಬರಲು ಸಾಹುಕಾರರ ಅಂಗಡಿಗೆ ಹೋಗಿದ್ದ. ಅವ್ವ ಪಕ್ಕದ ಮನೆಗೆ ಎಳೆ ಕೂಡಿಸಲು ಹೋಗಿದ್ದಳು. ಮಗ್ಗ ಸುಮ್ಮನಿತ್ತು. ನಾನು ಕೂತೇ ಇರಬೇಕಿತ್ತು. ಆದರೆ ಆಯಿ ಚಹಾ ಕೇಳಿದಳು, ನನಗೂ ಒಂದು ದಿನ ಉಳಿದಿದೆ ಎಂಬ ಹುರುಪು. ಎದ್ದು ಹೊರಟವಳು ಹೊಸ್ತಿಲ ಬಳಿ ಬಿದ್ದೆ. ಆಯಿ ನೀರು ಹಾಕಿದಳು. ಕಾಲು ಬಂತು, ಎದ್ದೆ, ಪಡಸಾಲೆ ದಾಟುವಾಗ ಮತ್ತೆ ಬಿದ್ದೆ. ಕುಣಿಗೆ ಒಂದು ಗೇಣು ದೂರ. ಆಯಿ ಮತ್ತೆ ನೀರು ಹಾಕಿದಳು.

"ಸಾಕ ಬಿಡ ನನ್ನ ಕೂಸ, ಚಾ ಬ್ಯಾಡ ನನಗ."

"ಒಲಿ ಹಚ್ಚೂದು, ಅಷ್ಟ ಬೇ. ಇದರಾಗ ಏನೈತಿ?"

ಗ್ಯಾಸ್ ಹಚ್ಚಿದೆ. ನೀರು ಕುದಿಯಿತು, ಸಕ್ಕರೆ ಹಾಕಿದೆ, ಪುಡಿ ಹಾಕಿದೆ, ಇಕ್ಕಳ ತೆಗೆದುಕೊಳ್ಳಲು ಕೈ ಚಾಚಿದೆ. ಆಮೇಲೆ ಒಲೆಯ ಕಟ್ಟೆಯನ್ನು ಕೆಳಗಿನಿಂದ ನೋಡುತ್ತಿದ್ದೆ. ಪಾತ್ರೆ ವಾಲಿ, ತುಸು ತುಳುಕಿ, ಅಲ್ಲೇ ನಿಂತಿತು. ಎರಡು ಹನಿ ನನ್ನ ಕುತ್ತಿಗೆಯ ಮೇಲೆ ಬಿದ್ದವು. ಎರಡೇ. ಈ ಎರಡನ್ನು ನಾನು ಯಾವತ್ತೂ ಹೆಚ್ಚು ಮಾಡಿ ಹೇಳಿಲ್ಲ. ಆಯಿ ಓಡಿಬಂದು ಸುರಿದ ತಂಬಿಗೆಯ ನೀರು ನೆಲಕ್ಕೆ ಬಿದ್ದದ್ದಕ್ಕಿಂತ ನನ್ನ ಮೇಲೆ ಬಿದ್ದದ್ದೇ ಹೆಚ್ಚು.

ಆಗ ಅವ್ವ ಬಂದಳು.

ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿ ಇಟ್ಟ ಮೊದಲ ಹೆಜ್ಜೆಯೇ ಒದ್ದೆಯಲ್ಲಿ. ಅಂಗಾಲು ಎತ್ತಿ ನೋಡಿಕೊಂಡಳು. ಕುಣಿಯ ಅಂಚಿನ ಒದ್ದೆ ನೋಡಿದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಆಯಿ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು, ಬಸಿರಿಯಂತೆ ಕಂಡಳು.

"ನೆಲಾ ಒರಸಾಕ ಹತ್ತೇನಿ ಬೇ," ಎಂದೆ ಮಲಗಿದಲ್ಲಿಂದಲೇ.

ಅವ್ವ ನನ್ನನ್ನು ದಾಟಿ ಗ್ಯಾಸ್ ಆರಿಸಿದಳು. "ಅರಿವಿ ಎಲ್ಲೈತಿ ಒರಸಾಕ?"

ನಾನು ನಕ್ಕೆ. ಅವಳು ನಗಲಿಲ್ಲ.

"ಹೋದ ವಾರ ಹಾಸಿನ್ಯಾಗ ಎಳಿ ಹರದಿದ್ವು. ಇಲಿ ಅಂದಿ. ಇಲಿ ಮೊಳಕೈ ಊರಿ ಬೀಳತೈತೇನ?"

ಆಯಿ ಬಾಯಿ ತೆರೆದಳು. "ನೀವು ಸುಮ್ಮಿರ್ರಿ ಅತ್ತಿ," ಎಂದ ಅವ್ವ ನನ್ನ ಪಕ್ಕದಲ್ಲಿ ಒದ್ದೆಯಲ್ಲೇ ಕೂತಳು. ಬೆರಳುಗಳಲ್ಲಿ ಇನ್ನೂ ಬೂದಿ ಇತ್ತು. ಆ ಬೆರಳಿನಿಂದಲೇ ನನ್ನ ಕುತ್ತಿಗೆಯ ಎರಡು ಕೆಂಪು ಚುಕ್ಕೆ ಮುಟ್ಟಿದಳು.

"ಅಮಾಸಿಯಿಂದ ಎಷ್ಟ ಸಲಾ?"

"ಒಂಬತ್ತು," ಎಂದೆ.

"ಹತ್ತು," ಎಂದಳು ಆಯಿ ಮೆಲ್ಲಗೆ. "ಹಿತ್ತಲದಾಗ ಬಿದ್ದಿದ್ದು ಬಿಟ್ಟಿ."

ನನ್ನ ಜೀವಮಾನದಲ್ಲಿ ಇದ್ದದ್ದಕ್ಕಿಂತ ಕಡಿಮೆ ಹೇಳಿದ್ದು ಅದೊಂದೇ ಸಲ.

ಅವ್ವ ಎದ್ದು ಪಡಸಾಲೆಗೆ ಹೋದಳು. ಕ್ಯಾಲೆಂಡರ್ ಸರಿದ ಸಪ್ಪಳ ಕೇಳಿಸಿತು, ನನ್ನ ಫಾರ್ಮು ಅದರ ಹಿಂದಿತ್ತು. ಆಮೇಲೆ ಟ್ರಂಕಿನ ಮುಚ್ಚಳ ತೆರೆದದ್ದು, ಮುಚ್ಚಿದ್ದು.

"ಒಂದ ದಿನಾ ಉಳದೈತಿ ಅವ್ವಾ," ಎಂದು ಕೂಗಿದೆ.

ಅವಳು ಬಾಗಿಲಿಗೆ ಬಂದು ನಿಂತಳು. "ಈ ವರ್ಷ ಬಾಗಲಕೋಟಿ ಇಲ್ಲ. ನಿಮ್ಮಪ್ಪಗ ನಾನ ಹೇಳ್ತೇನಿ. ನೀ ಹೇಳಿದ್ರ ಅದನ್ನೂ ಕತಿ ಮಾಡ್ತಿ."

ಕಾಲು ವಾಪಸ್ಸು ಬರುತ್ತಿತ್ತು. ರೂಢಿಯಂತೆ ಬೇಗ ಏಳಲು ಅಂಗೈ ಊರಿದೆ.

"ಏಳಬ್ಯಾಡ," ಎಂದಳು ಅವ್ವ. "ಎಲ್ಲಿಗೆ ಹೊಂಟಿ ಈಗ?"

ಎಲ್ಲಿಗೂ ಹೊರಟಿರಲಿಲ್ಲ. ಕೈ ತೆಗೆದೆ. ಆ ತಿಂಗಳಲ್ಲಿ ಮೊದಲ ಬಾರಿಗೆ ಬಿದ್ದಲ್ಲೇ ಮಲಗಿದೆ, ಅರ್ಧ ತಾಸು. ಕಲ್ಲಿನ ನೆಲ ತಣ್ಣಗಿತ್ತು.