ಬೆನ್ನಿನ ನೀರು ತೆಗೆದ ಡಾಕ್ಟರಮ್ಮ

ಮೊನ್ನೆ ಸಿಲಿಂಡರು ಮುಗಿದು ಸೊಸೆ ಅಟ್ಟದ ಮೇಲಿದ್ದ ಪಂಪ್ ಸ್ಟವ್ ಇಳಿಸಿ ಹಚ್ಚಿದಳು. ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಪಾಂಡವಪುರದ ಆಸ್ಪತ್ರೆಯಲ್ಲಿದ್ದೆ. ಸ್ಟವ್ವಿನ ಮೇಲೆ ಸೂಜಿಗಳು ಕುದಿಯುತ್ತಿದ್ದವು, ಕಿಟಕಿಯಾಚೆ ಆಲೆಮನೆಯ ಹೊಗೆ ತೇಲುತ್ತಿತ್ತು. ಮಂಚದ ಮೇಲೆ ನನ್ನ ಮೂರು ವರ್ಷದ ಮಗಳು… ಪಕ್ಕದಲ್ಲಿ ಡಾಕ್ಟರಮ್ಮ.

ಅರವತ್ತರ ದಶಕದ ಮಾತು. ಮಗುವಿಗೆ ಜ್ವರ ಏರಿ, ಕತ್ತು ಸೆಟೆದು, ಫಿಟ್ಸು ಬಂದಿತ್ತು. ಊರಿನವರು ಗಾಳಿ ಸೋಕಿದೆ, ಬರೆ ಹಾಕಿಸು ಅಂದರು. ನಾನು ಕೇಳುವವಳೇ? ಅತ್ತೆಯನ್ನು ಕರೆದುಕೊಂಡು ಗಾಡಿ ಹತ್ತಿದೆ.

ಡಾಕ್ಟರಮ್ಮ ಮಗುವಿನ ಬೆನ್ನುಮೂಳೆಯ ಸಂದಿಗೆ ಸೂಜಿ ಚುಚ್ಚಿ ಬೆನ್ನಿನ ನೀರು ತೆಗೆದು ನೋಡಿ ಪೆನ್ಸಿಲಿನ್ ಶುರು ಮಾಡಿದರು. ಜ್ವರ ಇಳಿಯಿತು. ನನಗೂ ಜೀವ ಬಂತು. ಆದರೆ ವಾರ ಕಳೆಯುವುದರೊಳಗೆ ಮಗು ಮತ್ತೆ ಮಂಕಾಯಿತು, ಒಂದು ಕಣ್ಣು ವಾಲಿತು. ಅವರು ಇನ್ನೊಮ್ಮೆ ನೀರು ತೆಗೆದು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮಿದುಳು ಜ್ವರಕ್ಕೆ ಕಾರಣ ಒಂದೇ ಅಲ್ಲಮ್ಮ, ಕ್ಷಯದಿಂದ್ಲೂ ಬರುತ್ತೆ. ಮನೇಲಿ ಯಾರಿಗಾದ್ರೂ ಹಳೇ ಕೆಮ್ಮು ಇದೆಯಾ?"

ನಾನು ಅತ್ತೆಯ ಮುಖ ನೋಡಿದೆ. ಮಗು ಮಲಗುತ್ತಿದ್ದುದು ಅವರ ಮಗ್ಗುಲಲ್ಲೇ. ನಾಗಮಂಗಲದಲ್ಲಿ ನಾದಿನಿಗೆ ಗಂಡು ಗೊತ್ತಾಗಿತ್ತು; ಕ್ಷಯದ ಮನೆ ಅಂದರೆ ಯಾರು ಹೆಣ್ಣು ತಂದಾರು? ಅದಕ್ಕೇ ಅತ್ತೆ ನಾಲ್ಕು ಜನರೆದುರು ಬಾಯಲ್ಲಿ ಲವಂಗ ಇಟ್ಟುಕೊಂಡು ಕೆಮ್ಮು ನುಂಗುತ್ತಿದ್ದರು. ಅವತ್ತೂ ಇಲ್ಲವೆಂದು ತಲೆಯಾಡಿಸಿದರು.

ಡಾಕ್ಟರಮ್ಮ ಗದರಲಿಲ್ಲ. ಅತ್ತೆಯ ಕೈಯನ್ನು ಮಗುವಿನ ಎದೆಯ ಮೇಲಿಟ್ಟರು. ಆಲೆಮನೆಯ ಬೆಲ್ಲದ ಕಂಪು ಒಳಗೆಲ್ಲ ತುಂಬಿಕೊಂಡಿತ್ತು.

ಅತ್ತೆ ಲವಂಗವನ್ನು ಅಂಗೈಗೆ ಉಗಿದರು. "ನಂಗೇ ಕಣವ್ವ. ವರ್ಸದಿಂದ ಐತೆ. ಮದ್ವೆ ಮುರುದ್ರೆ ಮುರೀಲಿ ಬುಡು, ನನ್ ಕೂಸ್ನ ಉಳ್ಸು."

ಅವತ್ತಿನಿಂದಲೇ ಇಬ್ಬರಿಗೂ ಕ್ಷಯದ ಸೂಜಿ. ಸಂಬಂಧ ಮುರಿಯಿತು. ಮಗು ಉಳಿಯಿತು, ಕಿವಿ ಮಾತ್ರ ಮಂದವಾಯಿತು. ಆ ಕಿವಿಯನ್ನು ಸವರುತ್ತಾ ಡಾಕ್ಟರಮ್ಮ, "ಇನ್ನೂ ಬೇಗ ಗುರುತು ಹಿಡೀಬೇಕಿತ್ತು ಕಣಮ್ಮ" ಅಂದಿದ್ದರು. ಮುಂದೆ ಅವರಿಗೆ ಕೆ.ಆರ್. ಪೇಟೆಗೆ ವರ್ಗವಾಯಿತು. ಮಗಳ ಮದುವೆಗೆ ಬಂದು ನನಗಿಂತ ಹೆಚ್ಚು ಅತ್ತರು, ಪುಣ್ಯಾತ್ಗಿತ್ತಿ.

ಈಗ ಅವರಿಲ್ಲ. ಸುದ್ದಿ ಬಂದ ದಿನ ಮಗಳ ಪಕ್ಕ ಕೂತು ಮೆಲ್ಲಗೆ ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಅಂಥ ಮಾತನ್ನು ಇನ್ನೊಮ್ಮೆ ಕೂಗಿ ಹೇಳಬೇಕಾಯಿತು.